ಸಣ್ಣ ನೌಕಾಪಡೆಗಳ ಹಡಗು ಕಿಟ್: ಪ್ಲಾಸ್ಟಿಕ್, ರೆಸಿನ್, ಕಾಗದ

ಜರ್ಮನಿಯ ಬಿಸ್ಮಾರ್ಕ್, ಜಪಾನಿನ ಯಮಾಟೊದಂಥ ಯುದ್ಧನೌಕೆ ಬೇಕಂದ್ರೆ ಕಲಬುರಗಿಯಲ್ಲಿ ಕೂತೇ ಅದರ ಕಿಟ್, ಅಂದರೆ ಬಿಡಿಭಾಗ ಜೋಡಿಸಿ ಮಾದರಿ ಹಡಗು ಕಟ್ಟುವ ಪೆಟ್ಟಿಗೆ ತರಿಸಬಹುದು. ಪೋಲೆಂಡಿನದೋ ಗ್ರೀಸಿನದೋ ಬೇಕಂದ್ರೆ ಹುಡುಕಾಟ ಶುರು. ನಮ್ಮ ನೌಕಾಪಡೆ ಇವತ್ತು ಎಷ್ಟೇ ದೊಡ್ಡದಿರಲಿ, ಕಿಟ್ ಮಾಡುವವರ ಲೆಕ್ಕದಲ್ಲಿ ಅದೂ ಸಣ್ಣದೇ. ಪ್ಲಾಸ್ಟಿಕ್, ರೆಸಿನ್ (ಅಚ್ಚಿಗೆ ಸುರಿದು ಗಟ್ಟಿ ಮಾಡಿದ ಕೃತಕ ರಾಳ), ಕಾಗದ ಮೂರನ್ನೂ ಮಾಡಿ ನೋಡಿದ್ದೇನೆ. ನನ್ನ ಮತ ಪ್ಲಾಸ್ಟಿಕ್‌ಗೆ, ಆದರೆ ಹುಡುಕುವ ರೀತಿ ಬದಲಾಗಬೇಕು.

ಧ್ವಜ ನೋಡಿ ಹುಡುಕಬೇಡಿ. ಹಡಗು ಎಲ್ಲಿ ಹುಟ್ಟಿತು, ಯಾವ ವರ್ಗದ್ದು, ಅಂದರೆ ಯಾವ ವಿನ್ಯಾಸದ ಹಡಗುಗಳ ಗುಂಪಿನದ್ದು ಅಂತ ನೋಡಿ. ಸಣ್ಣ ದೇಶಗಳು ಎಷ್ಟೋ ಹಡಗುಗಳನ್ನು ದೊಡ್ಡ ದೇಶಗಳಿಂದಲೇ ಕೊಂಡವು. ನಮ್ಮ ಹಳೆಯ ಐಎನ್‌ಎಸ್ ಡೆಲ್ಲಿ ಯುದ್ಧನೌಕೆಯ ಮೊದಲ ಹೆಸರು ಅಕಿಲೀಸ್. 1939ರಲ್ಲಿ ರಿವರ್ ಪ್ಲೇಟ್ ಕದನದಲ್ಲಿ ಜರ್ಮನ್ ಯುದ್ಧನೌಕೆ ಗ್ರಾಫ್ ಸ್ಪೀ ಮೇಲೆ ಗುಂಡು ಹಾರಿಸಿದ ಹಡಗು ಅದು, 1948ರಲ್ಲಿ ನಮ್ಮ ಪಾಲಿಗೆ ಬಂತು. ಆ ಕದನದಲ್ಲಿ ಜೊತೆಗಿದ್ದ ಅಜಾಕ್ಸ್ ಅದೇ ಲಿಯಾಂಡರ್ ವರ್ಗದ್ದು. ಅಜಾಕ್ಸ್‌ಗೆ ಏರ್‌ಫಿಕ್ಸ್ ಕಂಪನಿಯ 1:600 ಕಿಟ್ ಇದೆ, ಅಂದರೆ ಉದ್ದದಲ್ಲಿ ನಿಜ ಹಡಗಿನ ಆರುನೂರನೇ ಒಂದು ಭಾಗ. ಅದರಲ್ಲಿ ನಾಲ್ಕು ಟರೆಟ್, ಅಂದರೆ ದೊಡ್ಡ ತೋಪುಗಳ ತಿರುಗುವ ಗೂಡು. ಡೆಲ್ಲಿಗೆ ಮೂರೇ, ಯಾಕಂದ್ರೆ ಅಕಿಲೀಸ್‌ನ ಹಿಂದಿನ ಎರಡು ಟರೆಟ್‌ಗಳಲ್ಲಿ ಮೇಲಿನದನ್ನು ಯುದ್ಧದ ನಡುವೆಯೇ ತೆಗೆದಿದ್ದರು. ನಾನು ಆ ಟರೆಟ್ ಬಿಟ್ಟು, ತೂತು ಮುಚ್ಚಿ, ಅಲ್ಲಿ ಸಣ್ಣ ವಿಮಾನ ನಿರೋಧಕ ತೋಪು ಕೂರಿಸಿದೆ. ವಿಮಾನ ಚಿಮ್ಮಿಸುವ ಕ್ಯಾಟಪಲ್ಟನ್ನೂ ಬಿಟ್ಟೆ. ಅಷ್ಟಕ್ಕೇ ಹಡಗಿನ ಮುಖವೇ ಬದಲಾಯಿತು!

1971ರ ಡಿಸೆಂಬರ್ 4ರಂದು ಕರಾಚಿ ಮೇಲೆ ದಾಳಿ ಮಾಡಿದ ನಿಪಾತ್, ನಿರ್ಘಾತ್, ವೀರ್ ಬೇಕಾದವರಿಗೂ ಇದೇ ದಾರಿ. ಅವು ಸೋವಿಯತ್ ಒಸಾ ವರ್ಗದ ಕ್ಷಿಪಣಿ ದೋಣಿಗಳು. ಮೆರಿಟ್ ಕಂಪನಿಯದ್ದು 1:72ರಲ್ಲಿ ಒಸಾ-1, ಒಸಾ-2 ಎರಡೂ ಇವೆ. ಇಲ್ಲಿ ಹುಷಾರು. ಕರಾಚಿಗೆ ಹೋದದ್ದು ಒಸಾ-1, ಅಂದರೆ ಕ್ಷಿಪಣಿ ಗೂಡು ಚೌಕ ಡಬ್ಬಿಯಂಥದ್ದು. ದುಂಡು ಕೊಳವೆ ಇದ್ದರೆ ಅದು ಒಸಾ-2. ಕಟ್ಟಿದರೆ ಅರ್ಧ ಮೀಟರ್ ದಾಟುತ್ತದೆ, ಮೊದಲೇ ಶೋಕೇಸ್ ಅಳೆದುಕೊಳ್ಳಿ.

ರೆಸಿನ್‌ನ ಬಲವೇ ಬೇರೆ. ಪ್ಲಾಸ್ಟಿಕ್‌ನವರು ಮುಟ್ಟದ ಹಡಗುಗಳು ಅದರಲ್ಲಿ ಸಿಗುತ್ತವೆ, ಹೆಚ್ಚಾಗಿ 1:700ರಲ್ಲಿ. ನಾನು ಮಾಡಿದ್ದು ಪೋಲೆಂಡಿನ ಬ್ಲಿಸ್ಕಾವಿತ್ಸಾ, ಇಂಗ್ಲೆಂಡಿನ ಕೌಸ್‌ನಲ್ಲಿ ಕಟ್ಟಿ 1937ರಲ್ಲಿ ಸೇವೆಗೆ ಬಂದ ಡೆಸ್ಟ್ರಾಯರ್ ಎಂಬ ಬಗೆಯ ವೇಗದ ಯುದ್ಧನೌಕೆ. ಈಗ ಪೋಲೆಂಡಿನ ಬಂದರು ಗ್ಡಿನಿಯಾದಲ್ಲಿ ಮ್ಯೂಸಿಯಂ ಹಡಗಾಗಿ ನಿಂತಿದೆ. ಬೆರಳುದ್ದದ ದೋಣಿಯಲ್ಲ ಅದು, 1:700ರಲ್ಲೂ 16 ಸೆಂ.ಮೀ. ಬರುತ್ತದೆ. ವಿವರ ಚೊಕ್ಕ. ಆದರೆ ಬೆಲೆಯ ಮೇಲೆ ಕಸ್ಟಮ್ಸ್ ಸುಂಕ, ಕೊರಿಯರ್ ಖರ್ಚು ಬೀಳುತ್ತದೆ. ಮೇಲಾಗಿ ನಮ್ಮೂರ ಬಿಸಿಲು! ಮೇ ತಿಂಗಳ ಶಾಖಕ್ಕೆ ರೆಸಿನ್‌ನ ಕಡ್ಡಿಯಂಥ ಪಟಸ್ತಂಭ ಬಾಗುತ್ತದೆ. ಅದನ್ನು ಬಿಸಾಕಿ ಹೊಲಿಗೆ ಸೂಜಿ ಹಾಕಿದೆ, ಗಟ್ಟಿಯಾಗಿ ನಿಂತಿದೆ. ಹಗ್ಗಕ್ಕೆ ಮೋಟಾರ್ ವೈಂಡಿಂಗ್ ಅಂಗಡಿಯ ಸಣ್ಣ ತಾಮ್ರದ ತಂತಿ ಸಾಕು. ಉಜ್ಜುವಾಗ ನೀರು ಹಚ್ಚಿ, ಮಾಸ್ಕ್ ಹಾಕಿ, ಆ ಪುಡಿ ಉಸಿರಲ್ಲಿ ಹೋಗಬಾರದು. ಒಣ ಗಾಳಿಯಲ್ಲಿ ಫೆವಿಕ್ವಿಕ್ ತಡವಾಗಿ ಹಿಡಿಯುತ್ತದೆ, ಅದಕ್ಕೆ ಗಾಳಿಯ ತೇವ ಬೇಕು.

ಕಾಗದದ ಕಿಟ್ ನನಗೆ ಅಚ್ಚರಿ ತಂದಿತು. ಪೋಲೆಂಡಿನಲ್ಲಿ ಇದೊಂದು ಹಳೇ ಹವ್ಯಾಸ, ಮಾವಿ ಮಾಡೆಲಾಶ್ ಎಂಬ ಕಾಗದದ ಮಾದರಿಗಳ ಪತ್ರಿಕೆ 1957ರಲ್ಲೇ ಶುರುವಾಗಿತ್ತು. ಹಾಗಾಗಿ ಅವರ ಹಡಗುಗಳು ಕಾಗದದಲ್ಲಿ ಧಾರಾಳ. ಅದೇ ಬ್ಲಿಸ್ಕಾವಿತ್ಸಾ 1:200ರಲ್ಲಿ 57 ಸೆಂ.ಮೀ. ಆಗುತ್ತದೆ, ಖರ್ಚು ರೆಸಿನ್‌ಗಿಂತ ಎಷ್ಟೋ ಕಡಿಮೆ. ಕಿಟ್‌ನ ಕಂಪ್ಯೂಟರ್ ಫೈಲ್ ಕೊಂಡರೆ ದಪ್ಪ ಕಾಗದದ ಮೇಲೆ ಇಲ್ಲೇ ಕಲರ್ ಪ್ರಿಂಟ್ ತೆಗೆಸಬಹುದು, ಬಣ್ಣ ಹಚ್ಚುವ ಕೆಲಸ ಇಲ್ಲ. ಬೇಕಾದದ್ದು ತಾಳ್ಮೆ, ಜಾಸ್ತಿ ತಾಳ್ಮೆ. ಕತ್ತರಿಸಿದ ಅಂಚು ಬೆಳ್ಳಗೆ ಕಾಣುತ್ತದೆ. ಪ್ರತಿ ಅಂಚಿಗೂ ಬೂದು ಬಣ್ಣದ ಸ್ಕೆಚ್ ಪೆನ್ ಎಳೆಯದಿದ್ದರೆ ಹಡಗು ಆಟಿಕೆಯಾಗುತ್ತದೆ. ಫೆವಿಕಾಲ್ ತೆಳ್ಳಗೆ ಹಚ್ಚಿ, ಹೆಚ್ಚಾದರೆ ಒಡಲಿನ ಹಾಳೆ ಸುಕ್ಕುಗಟ್ಟುತ್ತದೆ.

ಹೊಸಬರು ಅಜಾಕ್ಸ್‌ನಿಂದಲೇ ಶುರು ಮಾಡಿ. ದುಡ್ಡು ಕಡಿಮೆ, ಸಮಯ ಜಾಸ್ತಿ ಇದ್ದವರಿಗೆ ಕಾಗದ. ರೆಸಿನ್ ಆಮೇಲೆ, ಅದೂ ಮಳೆಗಾಲ ಕಳೆದ ಮೇಲೆ ತಂಪಿನ ದಿನಗಳಲ್ಲಿ ತರಿಸಿ.