ಫ್ಲ್ಯಾಟೋ ಸೈಟೋ? ಎರಡನ್ನೂ ಇಟ್ಟುಕೊಂಡವರ ಲೆಕ್ಕ

ಕನಕಪುರ ರಸ್ತೆ ಕಡೆ ನಮ್ಮದೊಂದು ಎರಡು ಬೆಡ್‌ರೂಮಿನ ಫ್ಲ್ಯಾಟ್ ಇದೆ, ಬಾಡಿಗೆಗೆ ಕೊಟ್ಟಿದ್ದೇವೆ. ಮೈಸೂರಿನ ಹೊರವಲಯದಲ್ಲಿ 30x40 ಸೈಟ್ ಇದೆ, ಖಾಲಿ. ದುಡ್ಡು ಹಾಕೋಕೆ ಯಾವುದು ವಾಸಿ ಅಂತ ಕೇಳುವವರಿಗೆ, ಮೊದಲು ಯುಡಿಎಸ್ (ಕಟ್ಟಡ ನಿಂತ ನೆಲದಲ್ಲಿ ಫ್ಲ್ಯಾಟಿಗೆ ಬರುವ ಪಾಲು) ಎಷ್ಟು ನೋಡಿ ಅನ್ನುತ್ತೇನೆ.

ಬ್ರೋಕರ್ ಬಾಯಲ್ಲಿ ನಮ್ಮ ಫ್ಲ್ಯಾಟ್ 1,200 ಚದರಡಿ. ಅದು ಸೂಪರ್ ಬಿಲ್ಟ್‌ಅಪ್, ಅಂದರೆ ಮೆಟ್ಟಿಲು, ಲಿಫ್ಟಿನಂಥ ಎಲ್ಲರ ಜಾಗದ ಪಾಲೂ ಸೇರಿಸಿದ ಲೆಕ್ಕ. ಮನೆಯೊಳಗೆ ನಿಜಕ್ಕೂ ಬಳಸುವ ಜಾಗ, ಅಂದರೆ ಕಾರ್ಪೆಟ್ ಏರಿಯಾ, 850ರ ಆಸುಪಾಸು. ಕ್ರಯಪತ್ರದಲ್ಲಿ ನಮ್ಮ ಪಾಲಿಗೆ ಬಂದ ನೆಲ, ಅಂದರೆ ಯುಡಿಎಸ್, 400 ಚದರಡಿಯೂ ಇಲ್ಲ. ಬೆಲೆ ಏರುವುದು ಆ ನೆಲಕ್ಕೆ. ಲಿಫ್ಟು, ಪೈಪು, ಗೋಡೆಗಳಿಗೆ ವರ್ಷ ಕಳೆದಷ್ಟೂ ಖರ್ಚೇ.

ಬಾಡಿಗೆ 25,000. ವರ್ಷಕ್ಕೆ ಮೂರು ಲಕ್ಷ ಅಂತ ಹಿಗ್ಗಬೇಡಿ. ತಿಂಗಳಿಗೆ ಚದರಡಿಗೆ 4 ರೂಪಾಯಿಯಂತೆ ಮೇಂಟೆನೆನ್ಸೇ ವರ್ಷಕ್ಕೆ 57,600. ಬಾಡಿಗೆಯವರು ಬದಲಾದರೆ ಒಂದು ತಿಂಗಳು ಖಾಲಿ, ಮೇಲೆ ಪೇಂಟಿಂಗು, ಆಸ್ತಿ ತೆರಿಗೆ. ಎರಡು ಲಕ್ಷ ಉಳಿದರೆ ದೊಡ್ಡದು. ಫ್ಲ್ಯಾಟಿನ ಬೆಲೆ 70 ಲಕ್ಷಕ್ಕೆ ಅದು ಶೇ. 3 ಕೂಡ ಆಗದು. ಎಫ್‌ಡಿ ಇದಕ್ಕಿಂತ ಹೆಚ್ಚು ಕೊಡುತ್ತದೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿದಾಗ ಟ್ಯಾಂಕರ್ ನೀರಿನ ಖರ್ಚೂ ಮಾಲೀಕರ ತಲೆಗೇ ಬಂತು. ಇನ್ನು ಇವತ್ತು ಅದೇ ಬೆಲೆಗೆ ಕೊಳ್ಳುವವರಿಗೆ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್, ಸರ್‌ಚಾರ್ಜ್, 2025ರ ಆಗಸ್ಟ್ ಕೊನೆಯಿಂದ ದುಪ್ಪಟ್ಟಾದ ಶೇ. 2 ನೋಂದಣಿ ಶುಲ್ಕ: ಐದು ಲಕ್ಷಕ್ಕೂ ಮೇಲೆ, ಅಂದರೆ ಖರ್ಚು ಕಳೆದು ಎರಡೂವರೆ ವರ್ಷದಲ್ಲಿ ಉಳಿಯುವ ಬಾಡಿಗೆ. ಕಟ್ಟುತ್ತಿರುವ ಫ್ಲ್ಯಾಟಾದರೆ ಶೇ. 5 ಜಿಎಸ್‌ಟಿ ಬೇರೆ. ಒಸಿ (ವಾಸಕ್ಕೆ ಯೋಗ್ಯ ಎಂಬ ಸ್ವಾಧೀನಾನುಭವ ಪ್ರಮಾಣಪತ್ರ) ಬಂದ ಮೇಲೆ ಕೊಂಡರೆ ಅದಿಲ್ಲ.

ಸೈಟಿನಲ್ಲಿ 1,200 ಚದರಡಿಯೂ ನಮ್ಮದೇ, ಆದರೆ ಒಂದು ಪೈಸೆ ಹುಟ್ಟುವುದಿಲ್ಲ. ಪಾರ್ಥೇನಿಯಂ ಸೊಂಟದೆತ್ತರ ಬೆಳೆದಿತ್ತು, ಪಕ್ಕದಲ್ಲಿ ಮನೆ ಕಟ್ಟುವವರು ಜಲ್ಲಿ ಸುರಿದಿದ್ದರು. ಕಲ್ಲುಕಂಬ ನೆಟ್ಟು ತಂತಿ ಎಳೆಸಿದೆವು. ವರ್ಷಕ್ಕೊಮ್ಮೆ ಇಸಿ (ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರ, ಸಾಲ ತೋರಿಸುವ ಋಣಭಾರ ಪತ್ರ) ತೆಗೆಸಿ ನೋಡುತ್ತೇನೆ, ನಮಗೇ ಗೊತ್ತಿಲ್ಲದೆ ಯಾರಾದರೂ ಮಾರಿದ್ದಾರೋ ಅಂತ! ಖಾಲಿ ಜಾಗಕ್ಕೂ ತೆರಿಗೆ ಇದೆ. ಸಾಲ ಮಾಡಿ ಕೊಂಡು ಸುಮ್ಮನೆ ಬಿಟ್ಟರೆ ಬಡ್ಡಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿಯೂ ಸಿಗದು.

ನೀವೇ ವಾಸ ಮಾಡುವುದಾದರೆ ಫ್ಲ್ಯಾಟ್ ತಗೊಳ್ಳಿ, ಲೆಕ್ಕ ಬೇರೆ. ಬರೀ ಹೂಡಿಕೆಗಾದರೆ ನನ್ನ ಮತ ಸೈಟಿಗೆ, ಅದೂ ಪ್ರಾಧಿಕಾರದ ಅನುಮೋದನೆ ಇರುವ ಲೇಔಟಿನಲ್ಲಿ. ಅಗ್ಗಕ್ಕೆ ಸಿಗುತ್ತೆಂದು ರೆವಿನ್ಯೂ ಸೈಟಿಗೆ, ಅಂದರೆ ಅನುಮೋದನೆಯಿಲ್ಲದೆ ಕೃಷಿ ಜಮೀನನ್ನು ತುಂಡು ಮಾಡಿ ಮಾರುವ ಸೈಟಿಗೆ, ಕೈಹಾಕಬೇಡಿ. ಫ್ಲ್ಯಾಟೇ ಬೇಕು ಅನ್ನುವವರು ಮೂರ್ನಾಲ್ಕು ಅಂತಸ್ತಿನ ಹಳೆಯ ಕಟ್ಟಡ ಹುಡುಕಿ, ನೆಲದ ಪಾಲು ಸಾಮಾನ್ಯವಾಗಿ ಅಲ್ಲೇ ಹೆಚ್ಚು. ಟೋಕನ್ ಮುಂಗಡ ಕೊಡುವ ಮುಂಚೆ ಒಸಿ, ಇ-ಖಾತಾ (ಸ್ಥಳೀಯ ಸಂಸ್ಥೆಯ ಡಿಜಿಟಲ್ ಆಸ್ತಿ ದಾಖಲೆ) ಎರಡನ್ನೂ ಕೇಳಿ.