ಗೇಟಿಗೆ ಪೌಡರ್ ಹೊಡೆಯುವವರ ಕೈಗೆ ಹಳೇ ಕಾರಿನ ಇಂಜಿನ್ ಪಾರ್ಟ್ ಕೊಡಬೇಡಿ

ಹೊಸೂರು, ಬಾಗಲೂರು, ತಳಿ ಕಡೆ ಹಳೇ ಅಂಬಾಸಿಡರ್, ಪದ್ಮಿನಿ ರೆಡಿ ಮಾಡಿಸುತ್ತಿರುವವರು ದಯವಿಟ್ಟು ಓದಿ. ಹೊಸೂರಿನಲ್ಲಿ ಪೌಡರ್ ಕೋಟಿಂಗ್ (ಬಣ್ಣದ ಪುಡಿ ಹೊಡೆದು ಓವನ್ನಲ್ಲಿ ಬೇಯಿಸುವ ಕೆಲಸ) ಅಂಗಡಿಗಳಿಗೇನೂ ಬರವಿಲ್ಲ. ನಾನು ಕೊಟ್ಟ ಅಂಗಡಿಯವರು ದಿನಾ ಮಾಡುವುದು ಗೇಟು, ಗ್ರಿಲ್ಲು, ಪ್ಯಾನೆಲ್ ಬಾಕ್ಸು. ಅದರಲ್ಲಿ ಅವರ ಕೈ ಚೆನ್ನಾಗಿದೆ, ಸುಳ್ಳು ಹೇಳಬಾರದು.

ನನ್ನದು ಅಂಬಾಸಿಡರ್ ಮಾರ್ಕ್ 3, 1489 ಸಿಸಿ ಪೆಟ್ರೋಲ್ ಇಂಜಿನ್. ಟ್ಯಾಪೆಟ್ ಕವರ್ (ಇಂಜಿನ್ ಮೇಲಿನ ಮುಚ್ಚಳ), ಇನ್‌ಟೇಕ್ ಮತ್ತು ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಇಂಜಿನ್ನಿಗೆ ಗಾಳಿ-ಪೆಟ್ರೋಲ್ ಒಳಗೆ ಬಿಡುವ, ಹೊಗೆ ಹೊರಗೆ ಬಿಡುವ ಕವಲು ಪೈಪುಗಳು), ಪುಲ್ಲಿ ಕೊಟ್ಟಿದ್ದೆ. ಸೆಮಿ ಗ್ಲಾಸ್ (ಅರೆ ಹೊಳಪಿನ) ಕಪ್ಪು ಬೇಕು, ಪ್ಯಾಕಿಂಗ್ (ಆಯಿಲ್ ಸೋರದ ಹಾಗೆ ಸಂದಿಗೆ ಹಾಕುವ ಪಟ್ಟಿ) ಕೂರುವ ಜಾಗಕ್ಕೂ ಥ್ರೆಡ್ಡಿಗೂ ಪೌಡರ್ ತಾಗಬಾರದು ಎಂದು ಚೀಟಿ ಬರೆದು ಕಟ್ಟಿದ್ದೆ. ಎಕ್ಸಾಸ್ಟ್ ಬಿಸಿ ತಡೆಯುತ್ತಾ ಎಂದು ಕೇಳಿದರೆ, "ಓವನ್ನಲ್ಲೇ ಇನ್ನೂರು ಡಿಗ್ರಿ ಬೇಯಿಸ್ತೀವಿ ಸಾರ್, ಕಾರಿಂದು ಯಾವ ಲೆಕ್ಕ" ಅಂದರು.

ಆ ಲೆಕ್ಕವೇ ತಪ್ಪು. ಪೌಡರ್ ಕರಗಿ ಗಟ್ಟಿಯಾಗಲು 180ರಿಂದ 200 ಡಿಗ್ರಿಯಲ್ಲಿ ಹತ್ತಿಪ್ಪತ್ತು ನಿಮಿಷ ಸಾಕು. ಲೋಡ್ ಬಿದ್ದಾಗ ಎಕ್ಸಾಸ್ಟ್ ಮ್ಯಾನಿಫೋಲ್ಡ್ 400 ಡಿಗ್ರಿಯನ್ನೂ ದಾಟುತ್ತದೆ. ತಳಿ ರಸ್ತೆಯಲ್ಲಿ ಒಂದು ರೌಂಡ್ ಹೋಗಿ ಬರುವಷ್ಟರಲ್ಲಿ ಬಾನೆಟ್ ಸಂದಿಯಿಂದ ಹೊಗೆ, ಪ್ಲಾಸ್ಟಿಕ್ ಸುಟ್ಟ ಘಾಟು. ಕೋಟಿಂಗ್ ಗುಳ್ಳೆ ಎದ್ದು ಹಪ್ಪಳದ ಹಾಗೆ ಕಳಚಿತ್ತು. ಎಕ್ಸಾಸ್ಟಿಗೆ ಸೆರಾಮಿಕ್ ಕೋಟಿಂಗ್ ಅಥವಾ ಹೈ ಟೆಂಪರೇಚರ್ ಪೇಂಟ್ ಹಾಕಿಸಿ, ಮಾಮೂಲಿ ಪೌಡರ್ ಬೇಡ.

ಟ್ಯಾಪೆಟ್ ಕವರಿನ ಕಥೆ ಇನ್ನೂ ಚೆಂದ. "ನೋಡೋಕೆ ಜಾಸ್ತಿ ಚೆನ್ನಾಗಿರುತ್ತೆ" ಅಂತ ನನ್ನನ್ನು ಕೇಳದೆ ಕ್ರೋಮ್ ಲುಕ್ ಪೌಡರ್ ಹೊಡೆದಿದ್ದರು, ಮೇಲೆ ಕ್ಲಿಯರ್ ಕೋಟ್ ಇಲ್ಲ. ಕೈ ತಾಗಿದ ಕಡೆಯೆಲ್ಲ ಬೆರಳಿನ ಗುರುತು, ಮಂಕು. ಪ್ಯಾಕಿಂಗ್ ಕೂರುವ ಅಂಚಿಗೂ ಪೌಡರ್! ಉಜ್ಜಿ ತೆಗೆದು ಹೊಸ ಕಾರ್ಕ್ ಪ್ಯಾಕಿಂಗ್ ಹಾಕಿದರೂ ಒಂದು ಮೂಲೆಯಲ್ಲಿ ಆಯಿಲ್ ಜಿನುಗುವುದು ನಿಲ್ಲಲಿಲ್ಲ. ಈ ಇಂಜಿನ್ನಿನಲ್ಲಿ ಅದು ಇಳಿಯುವುದು ನೇರ ಬಿಸಿ ಮ್ಯಾನಿಫೋಲ್ಡ್ ಮೇಲೆ.

ಭಯ ಆಗಿದ್ದು ಮಾತ್ರ ಬೇರೆ ವಿಷಯಕ್ಕೆ. ಫಿಟ್ ಮಾಡುವ ಮೊದಲು ನಮ್ಮ ಮೇಸ್ತ್ರಿ ಕವರಿನ ಬ್ರೀದರ್ ಪೈಪನ್ನು (ಇಂಜಿನ್ ಒಳಗಿನ ಗಾಳಿ ಹೊರಹೋಗುವ ಕೊಳವೆ) ಬಿಳಿ ಕಾಗದದ ಮೇಲೆ ತಟ್ಟಿದರು. ಬೂದು ಬಣ್ಣದ ಸಣ್ಣ ಹರಳು ಉದುರಿತು, ಹಳೇ ಬಣ್ಣ, ತುಕ್ಕು ತೆಗೆಯಲು ಜೋರಾಗಿ ಊದಿ ಬ್ಲಾಸ್ಟಿಂಗ್ ಮಾಡಿದ ಮರಳು. ಆಯಿಲ್ ಜೊತೆ ಅದು ಬೇರಿಂಗಿಗೆ ಹೋಗಿದ್ದರೆ ಇಡೀ ಇಂಜಿನ್ ಮತ್ತೆ ಬಿಚ್ಚಬೇಕಿತ್ತು. ಬ್ಲಾಸ್ಟ್ ಆಗಿ ಬಂದ ಪಾರ್ಟನ್ನು ಏರ್ ಹೊಡೆದು, ಸೋಪು ನೀರಲ್ಲಿ ತೊಳೆದು, ಹೀಗೆ ತಟ್ಟಿ ನೋಡದೆ ಕೂರಿಸಲೇಬೇಡಿ.

ಇನ್‌ಟೇಕ್ ಎರಕದ ಅಲ್ಯುಮಿನಿಯಂ. ವರ್ಷಗಟ್ಟಲೆ ಕುಡಿದ ಆಯಿಲ್ ಅದರೊಳಗೇ ಇರುತ್ತದೆ. ಪೌಡರ್ ಹೊಡೆಯುವ ಮೊದಲೇ ಒಮ್ಮೆ ಓವನ್ನಲ್ಲಿ ಕಾಯಿಸಿ ಅದನ್ನು ಹೊರಹಾಕಬೇಕು. ಅವರು ಹಾಕಲಿಲ್ಲ, ಪೌಡರ್ ಬೇಯುವಾಗ ಅದು ಹೊರಬಂದು ಕೋಟಿಂಗಿನ ಮೈತುಂಬಾ ಸೂಜಿ ಚುಚ್ಚಿದಂಥ ತೂತು. ರಿಂಕಲ್ ಫಿನಿಶ್ (ಸುಕ್ಕು ಸುಕ್ಕಾಗಿ ಕಾಣುವ ಕೋಟಿಂಗ್) ಹೊಡೆದರೆ ಇದು ಕಾಣಲ್ಲ ಅಂತ ಸಲಹೆ ಬೇರೆ! ಆ ಸುಕ್ಕುಗಳಲ್ಲಿ ಆಯಿಲ್, ಧೂಳು ಕೂತರೆ ಬ್ರಷ್ ಹಾಕಿ ಉಜ್ಜಿದರೂ ಸುಲಭಕ್ಕೆ ಹೋಗಲ್ಲ. ಬಟ್ಟೆಯಲ್ಲಿ ಒರೆಸಿದರೆ ಕೊಳೆ ಹೋಗಬೇಕು ಅಂದರೆ ಗ್ಲಾಸ್ (ಪೂರ್ತಿ ಹೊಳಪು) ಅಥವಾ ಸೆಮಿ ಗ್ಲಾಸ್ ಫಿನಿಶ್ಶೇ ವಾಸಿ, ಅಲ್ವಾ?

ದುಡ್ಡು ವಾಪಸ್ ಕೇಳಿದ್ದಕ್ಕೆ, "ಸುಟ್ಟು ತೆಗೆದು ಮತ್ತೆ ಹೊಡೆದು ಕೊಡ್ತೀವಿ" ಎಂದರು. ನಾನು ಪಾರ್ಟ್ ಎತ್ತಿಕೊಂಡು ಬಂದೆ. ಅಲ್ಯುಮಿನಿಯಂ ಹಾಗೆ ಸುಟ್ಟರೆ ಸೊಟ್ಟಗಾಗಬಹುದು. ಕೆಮಿಕಲ್ ಸ್ಟ್ರಿಪ್ಪರ್ ಹಾಕಿಸಿ, ಅದೂ ಅಲ್ಯುಮಿನಿಯಂಗೆ ಆಗುವಂಥದ್ದೇ ಎಂದು ಡಬ್ಬ ಓದಿ. ಕಾಸ್ಟಿಕ್ ಆದರೆ ಪೌಡರ್ ಜೊತೆ ಪಾರ್ಟನ್ನೂ ತಿನ್ನುತ್ತದೆ.