ಸೊಪ್ಪಿನ ಗಾಡಿಗೆ ಗುದ್ದಿದ ಮೇಲೆ ಅರ್ಥವಾದ ಸೆನ್ಸರ್ ವ್ಯತ್ಯಾಸ

ಇ-ಸೈಕಲ್ಲಿನ ಮೋಟರ್ ಯಾವಾಗ ಸಹಾಯ ಮಾಡಬೇಕು ಅಂತ ತಿಳಿಸುವ ಸೆನ್ಸರಿನಲ್ಲಿ ಎರಡು ಬಗೆ: ಪೆಡಲ್ ತಿರುಗುತ್ತಿದೆಯಾ ಅಂತ ನೋಡುವ ಕ್ಯಾಡೆನ್ಸ್, ಎಷ್ಟು ಬಲವಾಗಿ ಒತ್ತುತ್ತಿದ್ದೇವೆ ಅಂತ ಅಳೆಯುವ ಟಾರ್ಕ್. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಟಾರ್ಕ್ ಸೆನ್ಸರಿಗೆ. ಎರಡು ವರ್ಷ ಕ್ಯಾಡೆನ್ಸ್ ಸೆನ್ಸರಿನ ಇ-ಸೈಕಲ್ ತುಳಿದು, ಬೈಸಿಕೊಂಡು, ಆಮೇಲೆ ಬದಲಾಯಿಸಿದವನು ನಾನು. ಇದರಲ್ಲಿ ಪಕ್ಷಪಾತ ಇದ್ದೇ ಇದೆ.

ಬ್ಯಾಟರಿ ಎಷ್ಟು, ಗೇರ್ ಎಷ್ಟು ಅಂತೆಲ್ಲ ಬರೆಯುವುದಿಲ್ಲ, ಅದು ಡಬ್ಬದ ಮೇಲೇ ಇರುತ್ತದೆ. ಎರಡರಲ್ಲೂ ಚಕ್ರದ ನಡುವೆ ಕೂರುವ 250 ವ್ಯಾಟ್ ಹಬ್ ಮೋಟರ್. ಗಂಟೆಗೆ 25 ಕಿ.ಮೀ. ವೇಗ ಮುಟ್ಟಿದರೆ ಎರಡರಲ್ಲೂ ಮೋಟರ್ ಕೈ ಬಿಡುತ್ತದೆ. ವ್ಯತ್ಯಾಸ ಇರುವುದು ಒಂದೇ ಕಡೆ: ತುಳಿಯುವವನಿಗೆ ಈಗ ಏನು ಬೇಕು ಅಂತ ಸೈಕಲ್ಲು ಹೇಗೆ ಊಹಿಸುತ್ತದೆ ಅನ್ನುವುದರಲ್ಲಿ. ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಕೇಳಿದರೆ 'ಪೆಡಲ್ ಅಸಿಸ್ಟ್ ಇದೆ ಸಾರ್', ಅಂದರೆ ತುಳಿದರೆ ಮೋಟರ್ ಜೊತೆ ಕೊಡುತ್ತದೆ, ಅನ್ನುತ್ತಾರೆ, ಅಷ್ಟೇ.

2022ರಲ್ಲಿ 33,000 ರೂಪಾಯಿ ಕೊಟ್ಟು ಮೊದಲನೆಯದನ್ನು ತಂದೆ. ಮೈಸೂರಿನ ಕುವೆಂಪುನಗರದಿಂದ ನಜರಬಾದಿನ ಆಫೀಸಿಗೆ ಹೋಗಿ ಬರುವುದಕ್ಕೆ ಸಾಕು ಅಂತ ಲೆಕ್ಕ. ನೇರ ರಸ್ತೆಯಲ್ಲಿ ಸಾಕೂ ಆಯಿತು, ಸುಳ್ಳು ಹೇಳಬಾರದು. ತೊಂದರೆ ಬಂದಿದ್ದು ನಿಧಾನ ಹೋಗಬೇಕಾದ ಕಡೆ.

ಒಂದು ದಿನ ಬೆಳಿಗ್ಗೆ ನಮ್ಮ ಕ್ರಾಸಿನ ತಿರುವಿನಲ್ಲಿ ಸೊಪ್ಪಿನ ಗಾಡಿ ನಿಂತಿತ್ತು. ಹಿಂದೆ ಒಂದು ಆಟೋ, ಮುಂದೆ ಮಲಗಿದ ನಾಯಿ. ನಡೆಯುವಷ್ಟೇ ನಿಧಾನವಾಗಿ ಬಂದು, ತಿರುಗುವಾಗ ಬಲಗಾಲು ಮೇಲೆ ಬರಲಿ ಅಂತ ಪೆಡಲನ್ನು ಸುಮ್ನೆ ಅರ್ಧ ಸುತ್ತು ತಿರುಗಿಸಿದೆ. ಅಷ್ಟೇ! ಮೋಟರಿಗೆ ಅದು 'ಹೊರಡು' ಅಂತ ಕೇಳಿಸಿತು. ಹಿಂದಿನಿಂದ ಯಾರೋ ತಳ್ಳಿದ ಹಾಗೆ ಸೈಕಲ್ ನುಗ್ಗಿತು. ನಾನು ಕಾಲು ನಿಲ್ಲಿಸಿದ ಮೇಲೂ ಅರೆಕ್ಷಣ ಎಳೆಯಿತು, ಮುಂದಿನ ಚಕ್ರ ಹೋಗಿ ಗಾಡಿಯ ಪಟ್ಟಿಗೆ ಬಡಿಯಿತು. ದಂಟಿನ ಸೊಪ್ಪು ಚರಂಡಿ ಪಾಲು. 'ಏನಪ್ಪಾ, ತುಳಿಯೋಕ್ ಬರಲ್ವಾ?' ಅಂತ ಅಜ್ಜಿ ಕೇಳಿದರು. ನಾನು ತುಳಿಯಲೇ ಇಲ್ಲ ಅಜ್ಜಿ, ಅದೇ ಹೋಯ್ತು ಅಂದರೆ ಯಾರು ನಂಬುತ್ತಾರೆ? ನಾಲ್ಕು ಕಟ್ಟು ದಂಟು, ಎರಡು ಕಟ್ಟು ಸಬ್ಬಸಿಗೆಗೆ ದುಡ್ಡು ಕೊಟ್ಟು ಮನೆಗೆ ಬಂದೆ.

ಅವತ್ತು ಸಂಜೆ ಚೈನ್ ಕವರ್ ಬಿಚ್ಚಿ ನೋಡಿದೆ. ಪೆಡಲಿನ ಅಚ್ಚಿಗೆ ಸಿಕ್ಕಿಸಿದ ಒಂದು ಪ್ಲಾಸ್ಟಿಕ್ ಬಿಲ್ಲೆ, ಅದರ ಸುತ್ತ ಎಂಟು ಪುಟ್ಟ ಆಯಸ್ಕಾಂತ, ಪಕ್ಕದಲ್ಲಿ ಆಯಸ್ಕಾಂತವನ್ನು ಗುರುತಿಸುವ ಒಂದು 'ಹಾಲ್' ಸೆನ್ಸರ್. ಕ್ಯಾಡೆನ್ಸ್ ಸೆನ್ಸರ್ ಅಂದರೆ ಇಷ್ಟೇ. ಆಯಸ್ಕಾಂತ ಎದುರಿಗೆ ಬಂದಾಗಲೆಲ್ಲ ಅದು ಒಂದು ಟಿಕ್ ಕಳಿಸುತ್ತದೆ. ಅಂದರೆ 45 ಡಿಗ್ರಿಗೆ ಒಂದು ಟಿಕ್. ಕಾಲು ತಿರುಗುತ್ತಿದೆಯೋ ಇಲ್ಲವೋ ಅನ್ನುವುದಷ್ಟೇ ಅದಕ್ಕೆ ಗೊತ್ತು. ಎಷ್ಟು ಜೋರಾಗಿ ಒತ್ತುತ್ತಿದ್ದೇನೆ, ಹೊರಡಬೇಕಾ, ಸುಮ್ನೆ ಕಾಲು ಸರಿಮಾಡಿಕೊಳ್ಳುತ್ತಿದ್ದೇನಾ, ಅದಕ್ಕೆ ಒಂದೂ ಗೊತ್ತಿಲ್ಲ.

ನಿಲ್ಲಿಸಿದ ಮೇಲೂ ಯಾಕೆ ಎಳೆಯುತ್ತದೆ ಅನ್ನುವುದೂ ಆಗಲೇ ಹೊಳೆಯಿತು. ನಿಧಾನವಾಗಿ, ನಿಮಿಷಕ್ಕೆ 15 ಸುತ್ತು ತುಳಿಯುತ್ತಿದ್ದೇನೆ ಅಂದುಕೊಳ್ಳಿ. ಒಂದು ಸುತ್ತಿಗೆ ನಾಲ್ಕು ಸೆಕೆಂಡ್, ಎಂಟು ಆಯಸ್ಕಾಂತ, ಹಾಗಾದರೆ ಟಿಕ್ಕಿಗೂ ಟಿಕ್ಕಿಗೂ ನಡುವೆ ಅರ್ಧ ಸೆಕೆಂಡ್. ಅಷ್ಟು ಹೊತ್ತು ಟಿಕ್ ಬರದಿದ್ದರೂ ನಾನು ನಿಲ್ಲಿಸಿದೆನೋ ಅಥವಾ ನಿಧಾನವಾಗಿ ತುಳಿಯುತ್ತಿದ್ದೇನೋ ಅಂತ ಮೋಟರನ್ನು ನಡೆಸುವ ಕಂಟ್ರೋಲರಿಗೆ ಹೇಗೆ ತಿಳಿಯಬೇಕು? ಅದಕ್ಕೇ ಅದು ಇನ್ನೂ ಸ್ವಲ್ಪ ಕಾಯುತ್ತದೆ. ಆ ಕಾಯುವ ಹೊತ್ತಿನಲ್ಲೇ ನನ್ನ ದಂಟಿನ ಸೊಪ್ಪು ಹೋಗಿದ್ದು.

ಬಿಡಲಿಲ್ಲ ನಾನು. 12 ಆಯಸ್ಕಾಂತದ ಬಿಲ್ಲೆ ತರಿಸಿ ಹಾಕಿದೆ. ಈಗ 30 ಡಿಗ್ರಿಗೇ ಟಿಕ್. ಬೇಗ ಹೊರಡತೊಡಗಿತು. ಅಂದರೆ ಬೇಗ ಗುದ್ದುವ ಹಾಗೂ ಆಯಿತು! ನಿಲ್ಲುವುದು ಮಾತ್ರ ಹಳೆಯ ಹಾಗೇ, ಕಾಯುವ ಹೊತ್ತನ್ನು ತೀರ್ಮಾನಿಸುವುದು ಕಂಟ್ರೋಲರ್ ಅಲ್ವಾ. ಅಂಗಡಿಯವರನ್ನು ಕೇಳಿದ್ದಕ್ಕೆ, 'ಬ್ರೇಕ್ ಹಿಡಿದರೆ ಮೋಟರ್ ಕಟ್ ಆಗುತ್ತಲ್ಲ ಸಾರ್' ಅಂದರು. ನಿಜ, ಬ್ರೇಕ್ ಹಿಡಿಯಲ್ಲಿ ಸ್ವಿಚ್ ಇದೆ. ಅಂದಿನಿಂದ ಎರಡು ಬೆರಳು ಸದಾ ಬ್ರೇಕಿನ ಮೇಲೇ. ಎತ್ತು ಏರಿಗೆ, ಕೋಣ ನೀರಿಗೆ ಅಂತಾರಲ್ಲ, ಹಾಗೆ ಎರಡು ವರ್ಷ ಕಳೆದೆ.

ಏರಿನಲ್ಲಿ ಇದರ ಉಲ್ಟಾ. ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಉಸಿರು ತಗೊಳ್ಳಲು ನಿಂತು ಮತ್ತೆ ಹೊರಡುವಾಗ, ಪೆಡಲ್ ಸ್ವಲ್ಪ ತಿರುಗುವ ತನಕ ಮೋಟರ್ ಏಳುವುದೇ ಇಲ್ಲ. ಬೇಕಾಗಿದ್ದು ಆ ಮೊದಲ ತುಳಿತಕ್ಕೇ.

ಟಾರ್ಕ್ ಸೆನ್ಸರ್ ನೋಡುವುದು ಬೇರೆಯದನ್ನು. ಪೆಡಲ್ ಒತ್ತಿದಾಗ ಅಚ್ಚು ಕಣ್ಣಿಗೆ ಕಾಣದಷ್ಟು ತಿರುಚುತ್ತದೆ. ಒಳಗಿರುವ ಸ್ಟ್ರೈನ್ ಗೇಜ್ ಆ ತಿರುಚನ್ನು ಅಳೆಯುತ್ತದೆ. ಮೆತ್ತಗೆ ಒತ್ತಿದರೆ ಮೆತ್ತಗೆ, ಜೋರಾಗಿ ಒತ್ತಿದರೆ ಜೋರಾಗಿ. ಅದೇ ತಿರುವು, ಅದೇ ಅಜ್ಜಿ, ಅದೇ ಅರ್ಧ ಸುತ್ತು, ಈಗ ಏನೂ ಆಗುವುದಿಲ್ಲ. ಕಾಲಿನಲ್ಲಿ ಬಲ ಇಲ್ಲದಿದ್ದರೆ ಮೋಟರೂ ಸುಮ್ಮನಿರುತ್ತದೆ. ಬೆಟ್ಟದಲ್ಲಿ ಮೊದಲ ತುಳಿತಕ್ಕೇ ಜೊತೆ ಸೇರುತ್ತದೆ, ನನ್ನ ಕಾಲೇ ಗಟ್ಟಿಯಾಯಿತೇನೋ ಅನ್ನಿಸುತ್ತದೆ.

ತಮಾಷೆ ಅಂದರೆ, ಇದು ಹೊಸದೇನಲ್ಲ. 1993ರಲ್ಲಿ ಯಮಹಾ ಜಪಾನಿನಲ್ಲಿ ಮಾರಿದ ಪ್ಯಾಸ್ ಸೈಕಲ್ಲಿನಲ್ಲೇ ಟಾರ್ಕ್ ಸೆನ್ಸರ್ ಇತ್ತು. ಅಲ್ಲಿನ ಕಾನೂನೇ ಹಾಗೆ, ಮೋಟರಿನ ಸಹಾಯ ತುಳಿಯುವವನ ಬಲಕ್ಕೆ ತಕ್ಕಂತೆ ಇರಬೇಕು. ಬಲ ಅಳೆಯದೆ ಇದನ್ನು ಮಾಡುವುದು ಹೇಗೆ?

ಟಾರ್ಕಿಗೂ ಅದರದೇ ಕಿರಿಕಿರಿ ಇದೆ. ಸಿಗ್ನಲ್ಲಿನಲ್ಲಿ ಒಂದು ಕಾಲನ್ನು ಪೆಡಲಿನ ಮೇಲೆ ಭಾರ ಬಿಟ್ಟು ನಿಂತರೆ ನನ್ನದು ಮುಂದೆ ಜಗ್ಗುತ್ತದೆ. ಅದಕ್ಕೆ ಭಾರವೂ ಒಂದೇ, ತುಳಿತವೂ ಒಂದೇ. ಇನ್ನೊಂದು, ಆನ್ ಮಾಡುವಾಗ ಪೆಡಲ್ ಮೇಲೆ ಕಾಲು ಇರಬಾರದು. ಆ ಗಳಿಗೆಯಲ್ಲಿ ಇರುವ ಒತ್ತಡವನ್ನೇ ಅದು ಸೊನ್ನೆ ಅಂತ ತಿಳಿದುಕೊಳ್ಳುತ್ತದೆ, ಆಮೇಲೆ ದಾರಿಯುದ್ದಕ್ಕೂ ಸಹಾಯ ಕಡಿಮೆ. ಇದು ಗೊತ್ತಾಗುವ ತನಕ ಒಂದು ವಾರ ಬ್ಯಾಟರಿಯನ್ನು ಬೈದುಕೊಂಡು ಓಡಾಡಿದೆ.

ಥ್ರಾಟಲ್, ಅಂದರೆ ಸ್ಕೂಟರಿನ ಹಾಗೆ ಕೈಯಲ್ಲಿ ತಿರುಗಿಸುವ ಹಿಡಿ, ಅದರ ಬಗ್ಗೆ ಒಂದೇ ಮಾತು. ಅದರಲ್ಲಿ ಊಹೆಯೇ ಇಲ್ಲ, ತಿರುಗಿಸಿದಷ್ಟು ಹೋಗುತ್ತದೆ. ಆದರೆ ಅದಕ್ಕೆ ಸೈಕಲ್ ಯಾಕೆ?

ಇನ್ನು ದುಡ್ಡು. ಟಾರ್ಕ್ ಸೆನ್ಸರಿನದು ಹೊಸದು ನನ್ನ ಕೈಗೆ ಎಟುಕಲಿಲ್ಲ. ಪರಿಚಯದವರೊಬ್ಬರಿಂದ ಸೆಕೆಂಡ್ ಹ್ಯಾಂಡ್, 52,000ಕ್ಕೆ ತಗೊಂಡೆ. ಬಜೆಟ್ 35,000 ದಾಟದಿದ್ದರೆ, ದಾರಿ ನೇರವಾಗಿದ್ದರೆ, ಕ್ಯಾಡೆನ್ಸೇ ತಗೊಳ್ಳಿ, ಆದರೆ ಬ್ರೇಕ್ ಸ್ವಿಚ್ ಕೆಲಸ ಮಾಡುತ್ತದಾ ಅಂತ ಅಂಗಡಿಯಲ್ಲೇ ನೋಡಿ. ನನ್ನ ಹಾಗೆ ಗಲ್ಲಿ, ಹಂಪ್, ಏರು ಎಲ್ಲ ಇದ್ದು, ತುಳಿಯುವ ಖುಷಿಯೂ ಬೇಕು ಅಂದರೆ ಇನ್ನೊಂದು ಆರು ತಿಂಗಳು ಕೂಡಿಟ್ಟು ಟಾರ್ಕ್ ತಗೊಳ್ಳಿ.

ಯಾವುದು ಯಾವುದು ಅಂತ ಕಂಡುಹಿಡಿಯುವುದು ಸುಲಭ. ಹಿಂದಿನ ಚಕ್ರ ಎತ್ತಿ ಹಿಡಿದು, ಪೆಡಲನ್ನು ಒಂದೇ ಕೈಯಲ್ಲಿ ಮೆಲ್ಲಗೆ ತಿರುಗಿಸಿ. ಚಕ್ರ ಗುಂಯ್ ಅಂತ ಪೂರ್ತಿ ವೇಗಕ್ಕೆ ಹೋದರೆ ಕ್ಯಾಡೆನ್ಸ್. ಹೆಚ್ಚೇನೂ ಆಗದಿದ್ದರೆ ಟಾರ್ಕ್. ಸೇಲ್ಸಿನವರು ಏನೇ ಹೇಳಲಿ.

ಹಳೆಯದನ್ನು ಮಾರೋಣ ಅಂತಿದ್ದೆ. ಆದರೆ ಅಪ್ಪನಿಗೆ ಮಂಡಿ ನೋವು. ಟಾರ್ಕಿನದನ್ನು ಒಂದು ಸುತ್ತು ತುಳಿದು, 'ಇದಕ್ಕೆ ಒತ್ತಬೇಕಲ್ಲೋ, ಅದೇ ಚೆನ್ನಾಗಿತ್ತು' ಅಂದರು. ಕಾಲನ್ನು ಸುಮ್ನೆ ತಿರುಗಿಸಿದರೆ ಸಾಕು, ಅದು ಅವರನ್ನು ದೇವರಾಜ ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಿ ಬರುತ್ತದೆ. ಈಗ ಅದರ ಕೀ ಅವರ ಜೇಬಿನಲ್ಲೇ ಇದೆ, ಕೇಳಿದರೂ ಕೊಡುವುದಿಲ್ಲ.